ಕಣ್ಣೀರು ಕೆಳಗೆ ಬೀಳದ ಜಾಗ

ಈ ಸಲ ಬಂದ ಪ್ರಶ್ನೆಗಳಲ್ಲಿ ಜಾಸ್ತಿ ಪಾಲು ಗಗನಯಾತ್ರಿಗಳ ಬಗ್ಗೆಯೇ ಇದ್ದವು. ರಾಕೆಟ್ಟಿನ ಎತ್ತರ ಎಷ್ಟು, ಎಂಜಿನ್ ಯಾವುದು ಅಂತ ಯಾರೂ ಕೇಳಿಲ್ಲ. ಅಳೋದು ಹೇಗೆ, ಬರೆಯೋದು ಹೇಗೆ, ಅಲ್ಲಿ ವಾಸನೆ ಬರುತ್ತಾ, ಇಂಥವೇ. ನನಗೂ ಇಂಥ ಪ್ರಶ್ನೆಗಳೇ ಇಷ್ಟ. ಉಳಿದವರ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಎತ್ತಿಟ್ಟಿದ್ದೇನೆ, ಬೇಜಾರು ಬೇಡ.

ಪ್ರಶ್ನೆ: ಬಾಹ್ಯಾಕಾಶದಲ್ಲಿ ಗುರುತ್ವಾಕರ್ಷಣೆ ಇಲ್ಲ ಅಂತಾರೆ. ಹಾಗಿದ್ದರೆ ಬಾಹ್ಯಾಕಾಶ ನಿಲ್ದಾಣ ಭೂಮಿಯನ್ನು ಬಿಟ್ಟು ಎಲ್ಲೋ ಹೊರಟುಹೋಗಬೇಕಿತ್ತಲ್ವಾ?

ಉತ್ತರ: ಹೌದು, ಹೋಗಬೇಕಿತ್ತು. ಹೋಗಿಲ್ಲ ಅಂದಮೇಲೆ ಯಾವುದೋ ಅದನ್ನು ಹಿಡಿದುಕೊಂಡಿದೆ ಅಂತಲೇ ಅರ್ಥ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ಇರುವುದು ಸುಮಾರು 400 ಕಿಲೋಮೀಟರ್ ಎತ್ತರದಲ್ಲಿ. ಅಲ್ಲಿ ಭೂಮಿಯ ಸೆಳೆತ ನೆಲದ ಮೇಲಿನದರ ಶೇಕಡಾ 90ರ ಹತ್ತಿರ ಇದ್ದೇ ಇದೆ. ಅಷ್ಟೆತ್ತರದ ಏಣಿಯೊಂದನ್ನು ನಿಲ್ಲಿಸಿ, ತುದಿಗೆ ಹತ್ತಿ ತಕ್ಕಡಿಯ ಮೇಲೆ ನಿಂತರೆ, ಇಲ್ಲಿ 60 ಕಿಲೋ ತೂಗುವವರು ಅಲ್ಲಿ 53 ಕಿಲೋ ತೂಗುತ್ತಾರೆ. ಕಾಲು ಜಾರಿದರೆ ತೇಲುವ ಮಾತೇ ಇಲ್ಲ, ನೇರ ಕೆಳಗೆ.

ನಿಲ್ದಾಣವೂ ಬೀಳುತ್ತಲೇ ಇದೆ. ಆದರೆ ಅದು ಗಂಟೆಗೆ ಸುಮಾರು 28,000 ಕಿಲೋಮೀಟರ್ ವೇಗದಲ್ಲಿ ಅಡ್ಡಕ್ಕೂ ಓಡುತ್ತಿದೆ. ಅದು ಒಂದಿಷ್ಟು ಕೆಳಗೆ ಬೀಳುವಷ್ಟರಲ್ಲಿ, ಭೂಮಿ ಗುಂಡಗಿರುವುದರಿಂದ, ನೆಲವೂ ಅಷ್ಟೇ ಕೆಳಗೆ ಬಾಗಿಬಿಟ್ಟಿರುತ್ತದೆ. ಹೀಗೆ ಬೀಳುತ್ತಾ ಬೀಳುತ್ತಾ ಒಂದೂವರೆ ಗಂಟೆಗೊಂದು ಸುತ್ತು. ದಿನಕ್ಕೆ 16 ಸಲ ಸೂರ್ಯ ಹುಟ್ಟುತ್ತಾನೆ. ಒಳಗಿರುವ ಮನುಷ್ಯ, ಪೆನ್ನು, ನೀರಿನ ಹನಿ ಎಲ್ಲವೂ ನಿಲ್ದಾಣದ ಜೊತೆ ಒಟ್ಟಿಗೇ ಬೀಳುತ್ತಿರುವುದರಿಂದ ಯಾವುದೂ ಯಾವುದರ ಮೇಲೂ ಭಾರ ಹಾಕುವುದಿಲ್ಲ. ಅದನ್ನೇ ನಾವು ತೇಲಾಟ ಅಂತ ನೋಡುವುದು. ಇದನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ಮುಂದಿನ ಉತ್ತರಗಳಲ್ಲೂ ಇದು ಮತ್ತೆ ಮತ್ತೆ ಬರುತ್ತದೆ.

ಪ್ರಶ್ನೆ: ಗಗನಯಾತ್ರಿಗಳಿಗೆ ಅಳು ಬಂದರೆ ಕಣ್ಣೀರು ಎಲ್ಲಿಗೆ ಹೋಗುತ್ತೆ? (ಆರನೇ ಕ್ಲಾಸಿನ ಹುಡುಗಿಯ ಪ್ರಶ್ನೆ)

ಉತ್ತರ: ಎಲ್ಲಿಗೂ ಹೋಗಲ್ಲ ಪುಟ್ಟಿ, ಕಣ್ಣಲ್ಲೇ ಕೂರುತ್ತೆ. ನೀರಿಗೆ ಎದುರು ಸಿಕ್ಕಿದ್ದಕ್ಕೆ ಅಂಟಿಕೊಳ್ಳುವ ಗುಣ ಇದೆ. ಇಲ್ಲಿ ಹನಿ ದೊಡ್ಡದಾದ ಕೂಡಲೇ ಭೂಮಿ ಎಳೆದು ಕೆನ್ನೆ ಮೇಲೆ ಇಳಿಸುತ್ತದೆ. ಅಲ್ಲಿ ಇಳಿಸುವವರು ಯಾರೂ ಇಲ್ಲ. ಹಾಗಾಗಿ ಕಣ್ಣೀರು ಕಣ್ಣಿನ ಮೇಲೆ ಒಂದು ಗುಳ್ಳೆಯ ಹಾಗೆ ಬೆಳೆಯುತ್ತಾ ಹೋಗುತ್ತದೆ. ಕೆನಡಾದ ಕ್ರಿಸ್ ಹ್ಯಾಡ್‌ಫೀಲ್ಡ್ 2013ರಲ್ಲಿ ನಿಲ್ದಾಣದಲ್ಲಿದ್ದಾಗ ಕಣ್ಣಿನ ಮೇಲೆ ನೀರು ಬಿಟ್ಟುಕೊಂಡು ಇದನ್ನು ವಿಡಿಯೋದಲ್ಲಿ ತೋರಿಸಿದ್ದರು.

ಅವರು ಅದನ್ನು ತಮಾಷೆಯಾಗಿ ತೋರಿಸಿದರು, ಆದರೆ 2001ರಲ್ಲಿ ಅವರಿಗೇ ಆದ ಅನುಭವ ತಮಾಷೆಯದ್ದಾಗಿರಲಿಲ್ಲ. ಅದು ಅವರ ಮೊದಲ ಬಾಹ್ಯಾಕಾಶ ನಡಿಗೆ. ನಿಲ್ದಾಣದ ಹೊರಗೆ ಯಂತ್ರದ ತೋಳು ಜೋಡಿಸುವ ಕೆಲಸ ನಡೀತಿತ್ತು. ಇದ್ದಕ್ಕಿದ್ದಂತೆ ಎಡಗಣ್ಣು ಉರಿಯೋಕೆ ಶುರುವಾಯಿತು. ಹೆಲ್ಮೆಟ್ ಒಳಗೆ ಕೈ ಹಾಕುವಂತಿಲ್ಲ, ಉಜ್ಜುವಂತಿಲ್ಲ. ಕಣ್ಣೀರು ಬಂತು, ಆದರೆ ಇಳಿಯಲಿಲ್ಲ. ಉಂಡೆ ಕಟ್ಟಿಕೊಂಡು ದೊಡ್ಡದಾಗಿ, ಮೂಗಿನ ಸೇತುವೆ ದಾಟಿ ಬಲಗಣ್ಣಿಗೂ ಹರಿಯಿತು. ಈಗ ಎರಡೂ ಕಣ್ಣು ಮುಚ್ಚಿದಂತೆಯೇ. ಗಾಳಿ ಶುದ್ಧ ಮಾಡುವ ರಾಸಾಯನಿಕ ಸೋರಿರಬಹುದು ಅಂತ ನೆಲದ ಮೇಲಿನ ನಿಯಂತ್ರಣ ಕೇಂದ್ರ ಹೂಸ್ಟನ್‌ನವರಿಗೆ ಗಾಬರಿ. ಅದು ಉಸಿರಿನ ಜೊತೆ ಒಳಗೆ ಹೋದರೆ ಶ್ವಾಸಕೋಶಕ್ಕೇ ಅಪಾಯ. ಸೂಟಿನ ಗಾಳಿಯನ್ನು ಸ್ವಲ್ಪ ಹೊರಗೆ ಬಿಡಿ ಅಂದರು. ಯೋಚಿಸಿ: ಸುತ್ತ ನಿರ್ವಾತ, ಕಣ್ಣು ಕಾಣಲ್ಲ, ಉಸಿರಾಡೋ ಗಾಳಿಯನ್ನೇ ಹೊರಗೆ ಬಿಡಬೇಕು. ಅವರು ಬಿಟ್ಟರು. ಅತ್ತು ಅತ್ತು ಕೊನೆಗೆ ಕಣ್ಣು ತೊಳೆದುಹೋಗಿ ದೃಷ್ಟಿ ಮರಳಿತು, ಕೆಲಸವೂ ಮುಗಿಯಿತು. ಆಮೇಲೆ ಗೊತ್ತಾಗಿದ್ದು, ಹೆಲ್ಮೆಟ್ ಗಾಜಿಗೆ ಮಂಜು ಹಿಡಿಯಬಾರದು ಅಂತ ಒಳಗೆ ಹಚ್ಚುವ ಸೋಪಿನಂಥ ದ್ರಾವಣ ಕಣ್ಣಿಗೆ ಹೋಗಿತ್ತು, ಅಷ್ಟೇ!

2011ರ ಮೇ ತಿಂಗಳಲ್ಲಿ ಆಂಡ್ರೂ ಫಾಯ್‌ಸ್ಟೆಲ್ ಅವರಿಗೂ ಇದೇ ಗಾಜಿನ ದ್ರಾವಣ ಕಾಟ ಕೊಟ್ಟಿತು. ಅವರು ಒಂದು ಉಪಾಯ ಹೂಡಿದರು. ಕಿವಿ ಕಟ್ಟಿಕೊಂಡಾಗ ಮೂಗು ಒತ್ತಿ ಹಿಡಿಯಲಿ ಅಂತ ಹೆಲ್ಮೆಟ್ ಒಳಗೆ ಒಂದು ಫೋಮಿನ ತುಂಡು ಇರುತ್ತದೆ. ಮುಖವನ್ನು ಅದಕ್ಕೆ ತಂದು ಕಣ್ಣು ಉಜ್ಜಿಕೊಂಡರು.

ಇವೆಲ್ಲಕ್ಕಿಂತ ಭಯಂಕರವಾದದ್ದು ಇಟಲಿಯ ಲೂಕಾ ಪರ್ಮಿಟಾನೋ ಅವರ ಕಥೆ. 2013ರ ಜುಲೈ 16. ಹೊರಗೆ ಕೆಲಸ ಮಾಡುತ್ತಿದ್ದಾಗ ತಲೆಯ ಹಿಂಭಾಗ ಒದ್ದೆ ಅನಿಸಿತು. ಕುಡಿಯುವ ನೀರಿನ ಚೀಲ ಸೋರುತ್ತಿದೆ ಅಂತ ಮೊದಲು ಎಲ್ಲರೂ ಅಂದುಕೊಂಡರು. ಅಸಲಿಗೆ ಸೋರುತ್ತಿದ್ದದ್ದು ಮೈ ತಂಪಾಗಿಡಲು ಸೂಟಿನೊಳಗೆ ಹರಿಯುವ ನೀರು. ಒಂದು ಕಡೆ ಕಸ ಕಟ್ಟಿಕೊಂಡು ಆ ನೀರು ಗಾಳಿಯ ದಾರಿಗೆ ನುಗ್ಗಿತ್ತು. ಸುಮಾರು ಒಂದೂವರೆ ಲೀಟರ್. ತಲೆ ಹಿಂದಿನಿಂದ ಹರಿದು ಬಂದು ಕಿವಿ, ಕಣ್ಣು, ಕೊನೆಗೆ ಮೂಗಿನ ಹೊಳ್ಳೆಯನ್ನೂ ಮುಚ್ಚಿತು. ಅದೇ ಹೊತ್ತಿಗೆ ನಿಲ್ದಾಣ ಭೂಮಿಯ ನೆರಳಿಗೆ ಸರಿದು ಕತ್ತಲಾಯಿತು. ಸೊಂಟಕ್ಕೆ ಕಟ್ಟಿದ ಹಗ್ಗ ತನ್ನಷ್ಟಕ್ಕೆ ಸುತ್ತಿಕೊಳ್ಳುವಾಗ ಮೆಲ್ಲಗೆ ಎಳೆಯುತ್ತದಲ್ಲ, ಆ ಎಳೆತವನ್ನೇ ನಂಬಿ ಅವರು ತಡಕಾಡುತ್ತಾ ಬಾಗಿಲಿಗೆ ಬಂದರು. ಬಾಹ್ಯಾಕಾಶದಲ್ಲಿ ಹೋಗಿ ನೀರಲ್ಲಿ ಮುಳುಗಿ ಸಾಯುವುದೆಂದರೆ! ಅದಾದ ಮೇಲೆ ಹೆಲ್ಮೆಟ್ಟಿನ ಹಿಂಭಾಗಕ್ಕೆ ನೀರು ಹೀರುವ ಪ್ಯಾಡ್ ಇಟ್ಟರು, ಬಾಯಿಗೆ ಒಂದು ಉಸಿರು ಕೊಳವೆಯನ್ನೂ ಜೋಡಿಸಿದರು. ಅಷ್ಟು ದುಬಾರಿ ಸೂಟಿಗೆ ಕೊನೆಗೆ ಬೇಕಾಗಿದ್ದು ಒಂದು ತುಂಡು ಕೊಳವೆ.

ಪುಟ್ಟಿ, ನೀನು ಕೇಳಿದ್ದು ಅಳುವಿನ ಬಗ್ಗೆ, ನಾನು ಎಲ್ಲೆಲ್ಲೋ ಹೋದೆ. ಅತ್ತರೆ ಟವೆಲ್ಲಿನಿಂದ ಒರೆಸಿಕೊಳ್ಳುತ್ತಾರೆ. ಅಷ್ಟೇ.

ಪ್ರಶ್ನೆ: ಅಲ್ಲಿ ಬೆಂಕಿ ಹೊತ್ತಿಸಿದರೆ ಜ್ವಾಲೆ ಯಾವ ಕಡೆ ಏರುತ್ತದೆ? ಮೇಲೆ ಅನ್ನೋದೇ ಇಲ್ಲವಲ್ಲ.

ಉತ್ತರ: ಯಾವ ಕಡೆಗೂ ಏರುವುದಿಲ್ಲ, ಗುಂಡಗೆ ನಿಲ್ಲುತ್ತದೆ. ಮೋಂಬತ್ತಿಯ ಜ್ವಾಲೆ ಇಲ್ಲಿ ಉದ್ದಕ್ಕೆ ಚೂಪಾಗಿರುವುದು ಬಿಸಿ ಗಾಳಿ ಹಗುರಾಗಿ ಮೇಲೆ ಹೋಗಿ, ಕೆಳಗಿನಿಂದ ಹೊಸ ಗಾಳಿ ನುಗ್ಗುವುದರಿಂದ. ತೂಕವೇ ಇಲ್ಲದ ಕಡೆ ಹಗುರ ಯಾವುದು, ಭಾರ ಯಾವುದು? ಹಾಗಾಗಿ ಗಾಳಿ ಅಲುಗಾಡದೆ ಇದ್ದರೆ ಜ್ವಾಲೆ ಮಂಕು ನೀಲಿ ಬಣ್ಣದ ಚಿಕ್ಕ ಗೋಳವಾಗುತ್ತದೆ. ಸುತ್ತಲಿಂದ ಆಮ್ಲಜನಕ ನಿಧಾನವಾಗಿ ಸೋಸಿ ಬರಬೇಕು. ನಿಲ್ದಾಣದಲ್ಲಿ ಇಂಧನದ ಸಣ್ಣ ಹನಿಗಳನ್ನು ಪೆಟ್ಟಿಗೆಯೊಳಗೆ ಉರಿಸಿ ನೋಡುವ ಪ್ರಯೋಗ ಮಾಡುತ್ತಿದ್ದವರಿಗೆ ಒಂದು ವಿಚಿತ್ರ ಸಿಕ್ಕಿತು. ಜ್ವಾಲೆ ಆರಿತು, ಕಣ್ಣಿಗೆ ಏನೂ ಕಾಣಲಿಲ್ಲ, ಹನಿ ಮಾತ್ರ ಕರಗುತ್ತಲೇ ಇತ್ತು. ಕಡಿಮೆ ಶಾಖದಲ್ಲಿ ಕಣ್ಣಿಗೆ ಕಾಣದ ಉರಿ ಮುಂದುವರಿದಿತ್ತು.

ಇದೆಲ್ಲ ಪ್ರಯೋಗದ ಪೆಟ್ಟಿಗೆಯೊಳಗಿನ ಮಾತು. ನಿಜವಾದ ಬೆಂಕಿ ಇಷ್ಟು ಸಾಧುವಲ್ಲ. 1997ರ ಫೆಬ್ರವರಿಯಲ್ಲಿ ರಷ್ಯಾದ ಮಿರ್ ನಿಲ್ದಾಣದಲ್ಲಿ ಆಮ್ಲಜನಕ ಕೊಡುವ ಡಬ್ಬಿಯೊಂದು ಹೊತ್ತಿಕೊಂಡಿತು. ಡಬ್ಬಿ ತನ್ನ ಆಮ್ಲಜನಕವನ್ನು ತಾನೇ ಊದುತ್ತಿದ್ದರಿಂದ ಗುಂಡಗಿನ ನೀಲಿ ಜ್ವಾಲೆಯ ಪ್ರಶ್ನೆಯೇ ಇರಲಿಲ್ಲ, ಭೋರೆಂದು ಉಗುಳಿತು. ಒಳಗೆ 6 ಜನ. ಹೊಗೆಯಲ್ಲಿ ಪಕ್ಕದವರು ಕಾಣದ ಸ್ಥಿತಿ. ತಪ್ಪಿಸಿಕೊಳ್ಳಲು ಎರಡು ನೌಕೆ ಇದ್ದವು, ಅದರಲ್ಲಿ ಒಂದಕ್ಕೆ ಹೋಗುವ ದಾರಿಯಲ್ಲೇ ಬೆಂಕಿ. ಮುಖವಾಡ ಹಾಕಿಕೊಂಡು ಆರಿಸಿದರು, ಎಲ್ಲರೂ ಬದುಕಿದರು.

ಇನ್ನೊಂದು ವಿಷಯ, ಕೇಳಿಲ್ಲದಿದ್ದರೂ ಹೇಳುತ್ತೇನೆ. ಬಿಸಿ ಗಾಳಿ ಏಳುವುದಿಲ್ಲ ಅಂದರೆ ನೀವು ಬಿಟ್ಟ ಉಸಿರೂ ಎಲ್ಲೂ ಹೋಗುವುದಿಲ್ಲ. ಗಾಳಿ ಓಡಾಡದ ಮೂಲೆಯಲ್ಲಿ ಮಲಗಿದರೆ ಬಿಟ್ಟ ಉಸಿರೇ ಮುಖದ ಸುತ್ತ ನಿಂತುಬಿಡುತ್ತದೆ, ಅದನ್ನೇ ಮತ್ತೆ ಎಳೆದುಕೊಂಡು ತಲೆನೋವಿನಲ್ಲಿ ಎದ್ದು ಕೂರಬೇಕಾಗುತ್ತದೆ. ಅದಕ್ಕೇ ನಿಲ್ದಾಣದಲ್ಲಿ ಹಗಲೂ ರಾತ್ರಿ ಫ್ಯಾನುಗಳು ತಿರುಗುತ್ತವೆ. ಬಾಹ್ಯಾಕಾಶ ಅಂದರೆ ನಿಶ್ಶಬ್ದ ಅಂದುಕೊಂಡವರಿಗೆ ಅಲ್ಲಿ ಕಿವಿಗೆ ಬೀಳುವುದು ಈ ಗುಂಯ್ ಸದ್ದು.

ಪ್ರಶ್ನೆ: ಅಮೆರಿಕದವರು ಕೋಟಿಗಟ್ಟಲೆ ಖರ್ಚು ಮಾಡಿ ಬಾಹ್ಯಾಕಾಶದಲ್ಲಿ ಬರೆಯುವ ಪೆನ್ನು ಮಾಡಿದರಂತೆ, ರಷ್ಯಾದವರು ಸುಮ್ನೆ ಪೆನ್ಸಿಲ್ ತಗೊಂಡು ಹೋದರಂತೆ. ನಿಜವಾ?

ಉತ್ತರ: ಈ ಕಥೆ ಎಷ್ಟು ಚೆನ್ನಾಗಿದೆಯೆಂದರೆ ಸುಳ್ಳು ಅಂತ ಹೇಳೋಕೆ ನನಗೇ ಬೇಜಾರು. ಆದರೆ ಸುಳ್ಳು. ಮೊದಮೊದಲು ಅಮೆರಿಕದವರೂ ಪೆನ್ಸಿಲ್ಲನ್ನೇ ಒಯ್ಯುತ್ತಿದ್ದರು. 1965ರಲ್ಲಿ ನಾಸಾ 34 ಪೆನ್ಸಿಲ್ ಕೊಂಡಿತು, ಒಂದಕ್ಕೆ 128.89 ಡಾಲರ್! ಜನ ಬೈದರು, ಬೈಯುವಂಥದ್ದೇ ಆಗಿತ್ತು. ಪೆನ್ಸಿಲ್ಲಿಗೆ ಇನ್ನೂ ಒಂದು ತೊಂದರೆ ಇದೆ. ಮೊನೆ ಮುರಿದರೆ ನೆಲಕ್ಕೆ ಬೀಳುವುದಿಲ್ಲ, ತೇಲುತ್ತದೆ, ಕಣ್ಣಿಗೆ ಹೋಗಬಹುದು. ಒಳಗಿನ ಗ್ರಾಫೈಟಿನಲ್ಲಿ ವಿದ್ಯುತ್ ಹರಿಯುವುದರಿಂದ ಅದರ ಪುಡಿ ಸ್ವಿಚ್ಚುಗಳ ಹಿಂದೆ ಸೇರಿಕೊಂಡರೆ ಕಿಡಿ ಹಾರಬಹುದು. 1967ರ ಜನವರಿಯಲ್ಲಿ ಚಂದ್ರನತ್ತ ಹೋಗುವ ಯೋಜನೆಯ ಅಪೋಲೋ 1 ನೌಕೆಯ ಮೂವರು ಗಗನಯಾತ್ರಿಗಳು ನೆಲದ ಮೇಲೆ ಪರೀಕ್ಷೆ ನಡೆಯುವಾಗಲೇ ಬೆಂಕಿಯಲ್ಲಿ ತೀರಿಹೋದರು. ಅದಾದ ಮೇಲೆ ಉರಿಯುವಂಥ ಯಾವ ವಸ್ತುವನ್ನೂ ಯಾರೂ ಹಗುರವಾಗಿ ನೋಡಲಿಲ್ಲ. ಪೆನ್ಸಿಲ್ಲಿನ ಮರವೂ ಉರಿಯುವಂಥದ್ದೇ ಅಲ್ವಾ.

ಪೆನ್ನು ಮಾಡಿದವರು ಪಾಲ್ ಫಿಶರ್ ಅನ್ನುವ ಪೆನ್ ತಯಾರಕ. ನಾಸಾ ಅವರಿಗೆ ಮಾಡಿ ಅಂತ ಹೇಳಿರಲಿಲ್ಲ, ದುಡ್ಡೂ ಕೊಟ್ಟಿರಲಿಲ್ಲ. ಸ್ವಂತ ದುಡ್ಡು ಹಾಕಿ, ರೀಫಿಲ್ಲಿನೊಳಗೆ ಒತ್ತಡದ ನೈಟ್ರೋಜನ್ ತುಂಬಿ, ಇಂಕನ್ನು ಹಿಂದಿನಿಂದ ತಳ್ಳುವ ಹಾಗೆ ಮಾಡಿದರು. ಇಂಕೂ ಗಟ್ಟಿ, ಮೊನೆಯ ಗುಂಡು ಉರುಳಿದಾಗ ಮಾತ್ರ ತೆಳ್ಳಗಾಗುತ್ತದೆ. ನಾಸಾ ಪರೀಕ್ಷೆ ಮಾಡಿ ಸುಮಾರು 400 ಪೆನ್ನುಗಳನ್ನು ಕೊಂಡಿತು, ಒಂದಕ್ಕೆ ಕೆಲವೇ ಡಾಲರ್ ಕೊಟ್ಟು. 1968ರ ಅಪೋಲೋ 7ರಲ್ಲಿ ಪೆನ್ನು ಮೇಲೆ ಹೋಯಿತು. 1969ರಲ್ಲಿ ಇದೇ ಪೆನ್ನುಗಳನ್ನು ಯಾರು ಕೊಂಡರು ಗೊತ್ತಾ? ಸೋವಿಯತ್ ಒಕ್ಕೂಟದವರು.

ಪೆನ್ನಿನ ಬಗ್ಗೆ ಕಥೆ ಬೇಕೇಬೇಕು ಅಂದರೆ ನಿಜವಾದದ್ದೇ ಒಂದಿದೆ. 1969ರ ಜುಲೈನಲ್ಲಿ ಚಂದ್ರನ ಮೇಲೆ ನಡೆದು ನೌಕೆಯೊಳಗೆ ವಾಪಸ್ ಬಂದ ಬಜ್ ಆಲ್ಡ್ರಿನ್ ಅವರಿಗೆ ನೆಲದ ಮೇಲೆ ಮುರಿದ ಸ್ವಿಚ್ಚಿನ ತುದಿ ಬಿದ್ದಿದ್ದು ಕಾಣಿಸಿತು. ನೋಡಿದರೆ ಮೇಲಕ್ಕೇರುವ ಎಂಜಿನ್ನನ್ನು ಸಜ್ಜು ಮಾಡುವ ಸ್ವಿಚ್ಚೇ ಅದು. ಅಷ್ಟು ಸ್ವಿಚ್ಚುಗಳಲ್ಲಿ ಮುರಿಯಲು ಇದೇ ಬೇಕಿತ್ತಾ! ವಿದ್ಯುತ್ ಇರುವ ಜಾಗ, ಬೆರಳೂ ಹಾಕುವಂತಿಲ್ಲ, ಲೋಹವೂ ಹಾಕುವಂತಿಲ್ಲ. ಜೇಬಿನಲ್ಲಿದ್ದ ಸ್ಕೆಚ್ ಪೆನ್ನಿನ ಮೊನೆಯಿಂದ ಒತ್ತಿದರು. ಸ್ವಿಚ್ ಒಳಗೆ ಕೂತಿತು, ಅವರೂ ಜೊತೆಗಿದ್ದ ನೀಲ್ ಆರ್ಮ್‌ಸ್ಟ್ರಾಂಗ್ ಅವರೂ ಮನೆಗೆ ಬಂದರು.

ಪ್ರಶ್ನೆ: ಅಲ್ಲಿ ಹೋದರೆ ಎತ್ತರ ಆಗ್ತಾರಂತೆ. ನನಗೆ ಇನ್ನೆರಡು ಇಂಚು ಬೇಕಿತ್ತು.

ಉತ್ತರ: ಎರಡು ಇಂಚಿನ ಹತ್ತಿರ ಸಿಗಬಹುದು, ಆದರೆ ಉಳಿಸಿಕೊಳ್ಳೋಕೆ ಆಗಲ್ಲ. ಬೆನ್ನುಮೂಳೆಯ ಬಿಲ್ಲೆಗಳ ಮೇಲಿನ ಭಾರ ಹೋದಾಗ ಅವು ಹಿಗ್ಗುತ್ತವೆ, ಎತ್ತರ ಸಾಮಾನ್ಯವಾಗಿ 2ರಿಂದ 5 ಸೆಂಟಿಮೀಟರ್ ಜಾಸ್ತಿಯಾಗುತ್ತದೆ. ವಾಪಸ್ ಬಂದರೆ ಮೊದಲಿನ ಎತ್ತರಕ್ಕೇ. ಜೊತೆಗೆ ಬೆನ್ನುನೋವು ಪುಕ್ಕಟೆ.

2018ರ ಜನವರಿಯಲ್ಲಿ ಜಪಾನಿನ ನೊರಿಶಿಗೆ ಕನಾಯ್ ನಿಲ್ದಾಣದಿಂದಲೇ ಟ್ವೀಟ್ ಮಾಡಿ, ಮೂರು ವಾರದಲ್ಲಿ 9 ಸೆಂಟಿಮೀಟರ್ ಬೆಳೆದುಬಿಟ್ಟಿದ್ದೇನೆ, ವಾಪಸ್ ಹೋಗುವಾಗ ಸೋಯುಜ್ ನೌಕೆಯ ಸೀಟಿನಲ್ಲಿ ಹಿಡಿಸುತ್ತೇನೋ ಇಲ್ಲವೋ ಅಂತ ಆತಂಕ ತೋಡಿಕೊಂಡರು. ಆ ಆತಂಕ ಸುಮ್ಮನೆ ಬಂದದ್ದಲ್ಲ. ಸೋಯುಜ್ ಸೀಟನ್ನು ಒಬ್ಬೊಬ್ಬರ ಬೆನ್ನಿಗೂ ಅಚ್ಚು ತೆಗೆದು ಮಾಡುತ್ತಾರೆ. ಪ್ರಪಂಚದ ಪತ್ರಿಕೆಗಳೆಲ್ಲ ಸುದ್ದಿ ಮಾಡಿದವು. ಜೊತೆಗಿದ್ದ ರಷ್ಯಾದ ಕಮಾಂಡರ್‌ಗೆ ಮಾತ್ರ ಇದು ಯಾಕೋ ಸರಿ ಅನಿಸಲಿಲ್ಲ. ಮತ್ತೆ ಅಳೆದರೆ ಬೆಳೆದದ್ದು 2 ಸೆಂಟಿಮೀಟರ್. ಕನಾಯ್ ಪಾಪ, ಸುಳ್ಳು ಸುದ್ದಿ ಹರಡಿದ್ದಕ್ಕೆ ಕ್ಷಮೆ ಕೇಳಿದರು. ತೇಲುವ ಮನುಷ್ಯನನ್ನು ಅಳೆಯುವುದು ಸುಲಭವೇನಲ್ಲ ಬಿಡಿ.

ಪ್ರಶ್ನೆ: ಸೂಟ್ ಇಲ್ಲದೆ ಹೊರಗೆ ಬಂದರೆ ರಕ್ತ ಕುದ್ದು ಮನುಷ್ಯ ಒಡೆದುಹೋಗ್ತಾನೆ ಅಂತ ಸಿನಿಮಾದಲ್ಲಿ ತೋರಿಸ್ತಾರೆ.

ಉತ್ತರ: ಒಡೆಯಲ್ಲ. ಚರ್ಮ ಗಟ್ಟಿ, ಮೈ ಊದಿಕೊಳ್ಳುತ್ತದೆ ಅಷ್ಟೇ. ಒತ್ತಡ ಇಳಿದಂತೆ ನೀರು ಕಡಿಮೆ ಶಾಖಕ್ಕೇ ಕುದಿಯುತ್ತದೆ ಅನ್ನುವುದು ನಿಜ. ಸುಮಾರು 19 ಕಿಲೋಮೀಟರ್ ಎತ್ತರದಲ್ಲೇ ನಮ್ಮ ಮೈ ಬಿಸಿ ಸಾಕು ನೀರು ಕುದಿಯಲು. ಆದರೆ ರಕ್ತ ನಾಳಗಳೊಳಗೆ ಒತ್ತಡದಲ್ಲಿರುವುದರಿಂದ ಕೂಡಲೇ ಕುದಿಯುವುದಿಲ್ಲ. ಹೊರಗೆ ತೆರೆದುಕೊಂಡಿರುವ ತೇವ ಮಾತ್ರ ಕುದಿಯುತ್ತದೆ.

ಇದನ್ನು ಅನುಭವಿಸಿ ಬದುಕಿ ಹೇಳಿದವರಿದ್ದಾರೆ. 1966ರಲ್ಲಿ ಹೂಸ್ಟನ್ನಿನ ನಿರ್ವಾತ ಕೋಣೆಯಲ್ಲಿ ಸೂಟ್ ಪರೀಕ್ಷಿಸುತ್ತಿದ್ದ ಜಿಮ್ ಲೆಬ್ಲಾಂಕ್ ಅನ್ನುವ ತಂತ್ರಜ್ಞರ ಸೂಟಿನ ಗಾಳಿ ಕೊಳವೆ ಕಳಚಿಕೊಂಡಿತು. ಸುಮಾರು 14 ಸೆಕೆಂಡಿನಲ್ಲಿ ಎಚ್ಚರ ತಪ್ಪಿ ಹಿಂದಕ್ಕೆ ಬಿದ್ದರು. ಅವರಿಗೆ ಕೊನೆಯದಾಗಿ ನೆನಪಿದ್ದದ್ದು ನಾಲಿಗೆಯ ಮೇಲೆ ಎಂಜಲು ಗುಳುಗುಳು ಅಂದದ್ದು. ಕೋಣೆಗೆ ಬೇಗ ಗಾಳಿ ತುಂಬಿದರು, ಕಿವಿ ನೋವು ಬಿಟ್ಟರೆ ಮತ್ತೇನೂ ಆಗಲಿಲ್ಲ. ಇನ್ನು ಕ್ಷಣದಲ್ಲಿ ಹೆಪ್ಪುಗಟ್ಟುವುದೂ ಸಿನಿಮಾದ್ದೇ. ನಿರ್ವಾತ ಅಂದರೆ ಥರ್ಮಾಸ್ ಫ್ಲಾಸ್ಕಿನ ಎರಡು ಗೋಡೆಗಳ ನಡುವಿನ ಜಾಗ, ಶಾಖ ಬೇಗ ಹೊರಗೆ ಹೋಗುವುದಿಲ್ಲ. ಸಾಯಿಸುವುದು ಆಮ್ಲಜನಕದ ಕೊರತೆ. ಮತ್ತೆ ಉಸಿರು ಬಿಗಿಹಿಡಿಯೋಣ ಅಂತ ಯಾರಿಗಾದರೂ ಅನಿಸಿದರೆ, ಬೇಡ. ಒಳಗಿನ ಗಾಳಿ ಹಿಗ್ಗಿ ಶ್ವಾಸಕೋಶ ಹರಿಯುತ್ತದೆ.

ಎಲ್ಲರಿಗೂ ಲೆಬ್ಲಾಂಕ್ ಅವರ ಅದೃಷ್ಟ ಇರಲಿಲ್ಲ. 1971ರ ಜೂನ್ 30ರಂದು ಸೋಯುಜ್ 11 ಭೂಮಿಗೆ ಮರಳುವಾಗ ಒಂದು ಕವಾಟ ತೆರೆದುಕೊಂಡು ನೌಕೆಯ ಗಾಳಿ ಪೂರಾ ಸೋರಿತು. ಮೂವರೂ ಸೂಟ್ ಹಾಕಿರಲಿಲ್ಲ, ಹಾಕುವಷ್ಟು ಜಾಗವೇ ಇರಲಿಲ್ಲ. ನೌಕೆ ತಾನಾಗಿಯೇ ಸರಿಯಾಗಿ ಇಳಿಯಿತು. ಬಾಗಿಲು ತೆಗೆದರೆ ಡೊಬ್ರೊವೊಲ್ಸ್ಕಿ, ವೊಲ್ಕೊವ್, ಪಾಟ್ಸಾಯೆವ್ ತಮ್ಮ ಸೀಟಿನಲ್ಲೇ ಇದ್ದರು. ಬಾಹ್ಯಾಕಾಶದಲ್ಲೇ ಪ್ರಾಣ ಬಿಟ್ಟವರು ಅಂದರೆ ಇವತ್ತಿಗೂ ಈ ಮೂವರೇ. ಆಮೇಲೆ ಸೋಯುಜ್‌ನಲ್ಲಿ ಹೋಗುವಾಗ ಬರುವಾಗ ಸೂಟ್ ಕಡ್ಡಾಯವಾಯಿತು. ಅದಕ್ಕೆ ಜಾಗ ಮಾಡಲು ಕೆಲವು ವರ್ಷ ಮೂವರ ಬದಲು ಇಬ್ಬರನ್ನೇ ಕಳಿಸಿದರು.

ಪ್ರಶ್ನೆ: ಬಾಹ್ಯಾಕಾಶಕ್ಕೆ ವಾಸನೆ ಇದೆಯಾ?

ಉತ್ತರ: ಮೂಸಿ ನೋಡಲು ಹೋದವರು ಹೇಳಲು ಉಳಿಯುವುದಿಲ್ಲ! ಆದರೆ ಹೊರಗೆ ಹೋಗಿ ಬಂದ ಸೂಟಿನಿಂದ ಕಾದ ಲೋಹದ, ವೆಲ್ಡಿಂಗ್ ಹೊಗೆಯ ವಾಸನೆ ಬರುತ್ತದೆ ಅಂತ ಅನೇಕರು ಹೇಳಿದ್ದಾರೆ. ಚಂದ್ರನ ಧೂಳಿಗೆ ಸುಟ್ಟ ಸಿಡಿಮದ್ದಿನ ವಾಸನೆ. 1972ರಲ್ಲಿ ಅಪೋಲೋ 17ರ ಹ್ಯಾರಿಸನ್ ಶ್ಮಿಟ್ ಅವರಿಗೆ ಆ ಧೂಳಿನಿಂದ ಮೂಗು ಕಟ್ಟಿತ್ತು. ಚಂದ್ರನ ಮೇಲೆ ಅಲರ್ಜಿ ಬಂದ ಮೊದಲ ಮನುಷ್ಯ ಅಂತ ಅವರನ್ನು ಕರೆಯಬಹುದು.

ಪ್ರಶ್ನೆ: ಅಲ್ಲಿ ಕೈ ಜಾರಿದ ಸಾಮಾನು ಶಾಶ್ವತವಾಗಿ ತೇಲುತ್ತಾ ಇರುತ್ತಾ?

ಉತ್ತರ: ಇಲ್ಲ, ಸ್ವಲ್ಪ ಕಾಲ ಅಷ್ಟೇ. 2008ರ ನವೆಂಬರಿನಲ್ಲಿ ಹೈಡಿಮೇರಿ ಸ್ಟೆಫನಿಶಿನ್-ಪೈಪರ್ ಹೊರಗೆ ಕೆಲಸ ಮಾಡುವಾಗ ಚೀಲದೊಳಗೆ ಗ್ರೀಸ್ ಗನ್ ಸೋರಿ ಎಲ್ಲ ಮೆತ್ತಿಕೊಂಡಿತ್ತು. ಅದನ್ನು ಒರೆಸುತ್ತಿದ್ದಾಗ ಸಾಮಾನಿನ ಚೀಲವೇ ಮೆಲ್ಲಗೆ ತೇಲಿಕೊಂಡು ಹೊರಟಿತು. ಕೈಗೆ ಎಟುಕಲಿಲ್ಲ. ಹಾರಿ ಹಿಡಿಯಲು ಅದೇನು ಬಸ್ಸಲ್ಲ. ಜೊತೆಗಿದ್ದವರ ಸಾಮಾನುಗಳನ್ನೇ ಹಂಚಿಕೊಂಡು ಉಳಿದ ಕೆಲಸ ಮಾಡಿದರು. ಭೂಮಿಯ ಮೇಲೆ ದೂರದರ್ಶಕ ಇಟ್ಟುಕೊಂಡ ಹವ್ಯಾಸಿಗಳು ಆ ಚೀಲ ಹೋಗುವುದನ್ನು ರಾತ್ರಿ ಕಾದು ನೋಡಿದರು.

ಅಷ್ಟು ಎತ್ತರದಲ್ಲೂ ಗಾಳಿ ಒಂಚೂರು ಇದೆ. ಅದು ಉಜ್ಜಿ ಉಜ್ಜಿ ವೇಗ ಕಡಿಮೆ ಮಾಡುತ್ತದೆ, ವಸ್ತು ಸುತ್ತು ಸುತ್ತಿಗೂ ಸ್ವಲ್ಪ ಸ್ವಲ್ಪ ಕೆಳಗಿಳಿಯುತ್ತದೆ. ನಿಲ್ದಾಣವೂ ಹೀಗೇ ಇಳಿಯುತ್ತದೆ, ಆಗಾಗ ಎಂಜಿನ್ ಉರಿಸಿ ಮೇಲಕ್ಕೆ ತಳ್ಳುತ್ತಾರೆ. ಚೀಲಕ್ಕೆ ಎಂಜಿನ್ ಎಲ್ಲಿಂದ ಬರಬೇಕು? 2009ರ ಆಗಸ್ಟ್‌ನಲ್ಲಿ ದಟ್ಟ ಗಾಳಿಗೆ ಇಳಿದು ಸುಟ್ಟುಹೋಯಿತು. 2023ರ ನವೆಂಬರಿನಲ್ಲಿ ಜಾಸ್ಮಿನ್ ಮೊಗ್ಬೆಲಿ ಮತ್ತು ಲೊರಲ್ ಓಹಾರಾ ಹೊರಗಿದ್ದಾಗ ಇನ್ನೊಂದು ಚೀಲ ಜಾರಿತು. ಅದನ್ನಂತೂ ಸಾಧಾರಣ ಬೈನಾಕ್ಯುಲರಿನಲ್ಲೇ ಹುಡುಕಬಹುದಿತ್ತು, ನಿಲ್ದಾಣಕ್ಕಿಂತ ಕೆಲವು ನಿಮಿಷ ಮುಂಚೆ ಅದೇ ದಾರಿಯಲ್ಲಿ ಹೋಗುತ್ತಿತ್ತು. ಕೆಳಗಿಳಿದ ವಸ್ತು ಮೇಲಿನದಕ್ಕಿಂತ ಬೇಗ ಸುತ್ತುತ್ತದೆ, ಅದಕ್ಕೇ ಮುಂದೆ. ಯಾಕೆ ಬೇಗ ಅಂತ ಕೇಳಬೇಕೆನಿಸಿದರೆ ಕೇಳಿ, ಆ ಉತ್ತರಕ್ಕೆ ಇಲ್ಲಿ ಜಾಗ ಸಾಲಲ್ಲ.